ಎಲ್ಲಿ ಕೊಟ್ಟೀರಿ?

ಗದ್ದನಕೇರಿ ಕ್ರಾಸಿನಲ್ಲಿ ಹತ್ತಿದ ಬಸ್ಸು ವಿಜಾಪುರದ ಕಡೆ ಓಡುತ್ತಿತ್ತು. ಅನಗವಾಡಿ ಸೇತುವೆ ಬಂದಾಗ ಕಿಟಕಿಯ ಹೊರಗೆ ಘಟಪ್ರಭೆ ತುಂಬಿ ನಿಂತಿತ್ತು. ಆಲಮಟ್ಟಿಯ ಹಿನ್ನೀರು ಏರಿದ ತಿಂಗಳುಗಳಲ್ಲಿ ಇಲ್ಲಿ ಹೊಳೆ ಹರಿಯುವುದು ಕಾಣುವುದಿಲ್ಲ. ಕೆರೆಯ ಹಾಗೆ ಅಗಲಕ್ಕೆ ಹರಡಿಕೊಂಡಿರುತ್ತದೆ. ನನ್ನ ಮುಂದಿನ ಸೀಟಿನಲ್ಲಿ ಅರವತ್ತರ ಆಸುಪಾಸಿನ ಇಬ್ಬರು ಹೆಣ್ಣುಮಕ್ಕಳು ಕೂತಿದ್ದರು. ಬಸ್ಸಿನಲ್ಲೇ ಪರಿಚಯವಾದವರು. ಮಳೆ, ಕಬ್ಬಿನ ಬಿಲ್ಲು, ಮೊಣಕಾಲು ನೋವು ಎಲ್ಲ ಮುಗಿದು ಮಾತು ಮಕ್ಕಳಿಗೆ ಬಂತು.

"ಎಷ್ಟು ಮಂದಿ ಯಕ್ಕಾ?"

"ಮೂರು ಹೆಣ್ಣು, ಒಂದು ಗಂಡು."

"ಎಲ್ಲಿ ಕೊಟ್ಟೀರಿ?"

"ದೊಡ್ಡಾಕಿನ್ನ ನನ್ನ ತಮ್ಮಗ ಕೊಟ್ಟೀನಿ. ನಡುವಿನಾಕಿನ್ನ ಮುಧೋಳ ಕಡೆ ಕೊಟ್ಟೇವಿ. ಸಣ್ಣಾಕಿನ್ನ ಇನ್ನಾ ಎಲ್ಲೂ ಕೊಟ್ಟಿಲ್ಲ, ನರ್ಸಿಂಗ್ ಓದಾಕತ್ತಾಳ. ಮಗಗ ಒಂದು ಹೆಣ್ಣು ತರಬೇಕು ನೋಡ್ರಿ, ಎಲ್ಲೂ ಸಿಗವಲ್ದು."

ನಾನು ಹುಟ್ಟಿ ಬೆಳೆದದ್ದು ಇದೇ ಮಾತಿನ ನಡುವೆ. ಆದರೂ ಅವತ್ತು ಆ ಕ್ರಿಯಾಪದ ಕಿವಿಯಲ್ಲಿ ಉಳಿಯಿತು. ಹುಡುಗಿ ಯಾರನ್ನು ಮದುವೆಯಾದಳು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಮಗಳಾದರೆ "ಎಲ್ಲಿ ಕೊಟ್ಟೀರಿ", ಸೊಸೆಯಾದರೆ "ಎಲ್ಲಿಂದ ತಂದೀರಿ", ಎರಡು ಮನೆಗಳ ನಡುವೆ ಅದಲುಬದಲಾದರೆ "ಕೊಟ್ಟು ತಂದೇವಿ". ಕಾಳಿಗೆ, ಎತ್ತಿಗೆ, ಕೈಗಡದ ಹಣಕ್ಕೆ ಬಳಸುವ ಪದಗಳೇ ಇವು. ಮೂರೂ ವಾಕ್ಯಗಳಲ್ಲಿ ಕೆಲಸ ಮಾಡುವವರು ಹಿರಿಯರು; ಹುಡುಗಿ ಆ ಕೆಲಸಕ್ಕೆ ಒಳಗಾಗುವವಳು. ಭಾಷೆಯ ರೂಢಿ ಅಷ್ಟೇ, ಅದರಲ್ಲೇನಿದೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಆ ತಾಯಿ "ನಡುವಿನಾಕಿನ್ನ ಕೊಟ್ಟೇವಿ" ಎಂದದ್ದು ಹೊಲ ಬಿತ್ತಿದ ಸುದ್ದಿ ಹೇಳಿದಷ್ಟೇ ಸಹಜವಾಗಿ, ಪ್ರೀತಿಯಿಂದಲೇ. ರೂಢಿ ಇಷ್ಟು ಸಹಜವಾಗಿರುವಲ್ಲೇ ಅದನ್ನು ಎತ್ತಿ ನೋಡಬೇಕು ಅನ್ನಿಸುತ್ತದೆ.

ಮದುವೆ ಕೆಡುತ್ತಿದೆ ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಹುಡುಗಿಯರು ಮಾತು ಕೇಳುವುದಿಲ್ಲ, ವಿಚ್ಛೇದನ ಹೆಚ್ಚಾಯಿತು, ಸಾವಿರಾರು ವರ್ಷಗಳ ಸಂಪ್ರದಾಯ ನಮ್ಮ ಕಣ್ಣೆದುರೇ ಮುರಿಯುತ್ತಿದೆ ಎಂದು ಹಿರಿಯರು ಮರುಗುತ್ತಾರೆ. ಅವರ ನೋವು ನಿಜ, ಅದನ್ನು ಹಗುರ ಮಾಡಲಾರೆ. ಆದರೆ ಯಾವ ಸಂಪ್ರದಾಯ ಎಂಬುದನ್ನು ನಮ್ಮ ಬೀಳಗಿ, ಮುಧೋಳ, ಜಮಖಂಡಿ, ರಬಕವಿ–ಬನಹಟ್ಟಿಗಳ ಮಣ್ಣಿನಲ್ಲಿಯೇ ನಿಂತು ಕೇಳಬೇಕು.

ತೆರದ ಮಾತು ತೆಗೆದುಕೊಳ್ಳಿ. ನಮ್ಮ ಅಜ್ಜಿಯರ ಕಾಲಕ್ಕೆ ಒಕ್ಕಲು ಮಕ್ಕಳಲ್ಲಿ, ಕಸಬುದಾರರಲ್ಲಿ, ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ವರದಕ್ಷಿಣೆ ಮೇಲ್ಜಾತಿಯವರ, ಓದಿದವರ ಪದ್ಧತಿಯಾಗಿತ್ತು. ಎಂ. ಎನ್. ಶ್ರೀನಿವಾಸ್ 1942ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ಮದುವೆ–ಕುಟುಂಬಗಳ ಅಧ್ಯಯನದಲ್ಲಿ ಈ ತೆರ ಇದೆ. ಅದಾದ ಮೇಲೆ ಎರಡು ತಲೆಮಾರು ಕಳೆಯುವುದರೊಳಗೆ ಹಣ ಹರಿಯುವ ದಿಕ್ಕೇ ತಿರುಗಿತು. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂತು. ಆ ಕಾಯಿದೆಯ ಕೆಳಗೇ ವರದಕ್ಷಿಣೆ ಎಲ್ಲ ಜಾತಿಗಳಿಗೂ ಹಬ್ಬಿತು. ಇಂದು "ವರೋಪಚಾರ ನಮ್ಮ ಹಿರಿಯರಿಂದ ಬಂದದ್ದು" ಎನ್ನುವ ಎಷ್ಟೋ ಮನೆಗಳಲ್ಲಿ ಹಿರಿಯರಿಂದ ಬಂದದ್ದು ತೆರವೇ.

ಉಡಿಕಿಯೂ ಹಾಗೆಯೇ. ಗಂಡ ಸತ್ತವಳು, ಸೋಡಚೀಟಿ ಪಡೆದು ಗಂಡನಿಂದ ಬೇರೆಯಾದವಳು ಮತ್ತೊಬ್ಬನ ಕೈಹಿಡಿಯುವುದಕ್ಕೆ ಇಲ್ಲಿನ ಬಹುಪಾಲು ಜಾತಿಗಳಲ್ಲಿ ದಾರಿಯಿತ್ತು. ಸೀರೆ ಉಡಿಸಿ, ನಾಲ್ಕು ಹಿರಿಯರನ್ನು ಕೂಡಿಸಿ ಮುಗಿಸುವ ಮದುವೆ. ವಿಜಾಪುರ ಜಿಲ್ಲೆಯ ಬಗ್ಗೆ 1884ರಲ್ಲಿ ಬಂದ ಬೊಂಬಾಯಿ ಗೆಝೆಟಿಯರಿನಲ್ಲಿ ಜಾತಿ ಜಾತಿಗೂ ವಿಧವೆಯ ಮರುಮದುವೆ ಉಂಟು, ಇಲ್ಲ ಎಂದು ಬರೆದಿದೆ; ಉಂಟು ಎಂಬುದೇ ಹೆಚ್ಚು. ಅದನ್ನು ನಾನು ಹೊಗಳಿ ಬಣ್ಣ ಹಚ್ಚಲಾರೆ. ಉಡಿಕಿ ನಡೆಯುತ್ತಿದ್ದದ್ದು ರಾತ್ರಿ, ಮುತ್ತೈದೆಯರ ಕಣ್ಣಿಗೆ ಬೀಳದ ಹಾಗೆ. ಉಡಿಕಿಯಾದವಳಿಗೆ ಮದುವೆಮನೆಯ ಆರತಿ ತಟ್ಟೆ ಮುಟ್ಟುವ ಹಕ್ಕು ಇರುತ್ತಿರಲಿಲ್ಲ. ಆದರೂ ಆಕೆಗೆ ಎರಡನೆಯ ಬದುಕು ಇತ್ತು. 1856ರ ವಿಧವಾ ವಿವಾಹ ಕಾಯಿದೆ ಮೇಲ್ಜಾತಿಯ ವಿಧವೆಗೆ ಮರುಮದುವೆಯ ಬಾಗಿಲು ತೆರೆಯಿತು. ಜೊತೆಗೇ, ಮರುಮದುವೆಯಾದವಳು ಸತ್ತ ಗಂಡನ ಆಸ್ತಿ ಬಿಡಬೇಕು ಎಂಬ ಷರತ್ತನ್ನೂ ಬರೆದಿಟ್ಟಿತು. ಮುಂದೆ ಜಾತಿಗಳು ಮೇಲೇರುವ ಹಂಬಲದಲ್ಲಿ ಉಡಿಕಿಯನ್ನು ಒಂದೊಂದಾಗಿ ಕೈಬಿಟ್ಟವು. ಮರ್ಯಾದೆ ಏರಿತು, ಮನೆಯ ಮೂಲೆಯಲ್ಲಿ ಕೂತ ಹೆಣ್ಣಿನ ದಾರಿ ಮುಚ್ಚಿತು. ಹಾಗೆ ಮುಚ್ಚಿದವರು ಇಂದು ಅದನ್ನೇ ಸನಾತನ ಎನ್ನುತ್ತಾರೆ.

ಇಬ್ಬರು ಹೆಂಡಿರ ಮನೆಗಳೂ ನಮ್ಮ ಊರುಗಳಲ್ಲಿ ಇದ್ದವು. ಅವನ್ನು ನಿಲ್ಲಿಸಿದ್ದು 1955ರ ಹಿಂದೂ ವಿವಾಹ ಕಾಯಿದೆ ಎಂದು ಎಲ್ಲರೂ ಓದಿರುತ್ತಾರೆ. ಆದರೆ ಬೊಂಬಾಯಿ ಪ್ರಾಂತದಲ್ಲಿದ್ದ ನಮ್ಮ ಕಡೆಗೆ ಆ ನಿಯಮ ಒಂಬತ್ತು ವರ್ಷ ಮೊದಲೇ, 1946ರ ದ್ವಿಪತ್ನಿತ್ವ ತಡೆ ಕಾಯಿದೆಯ ಮೂಲಕ ಬಂದಿತ್ತು. 1947ರಲ್ಲಿ ಹಿಂದೂ ವಿಚ್ಛೇದನದ ಕಾಯಿದೆಯೂ ಬಂತು. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. 1948ರಲ್ಲಿ ಅವು ಬೊಂಬಾಯಿಗೆ ಸೇರುವವರೆಗೆ, ಒಂದೇ ಹೊಳೆಯ ನೀರು ಕುಡಿಯುವ ಊರುಗಳಲ್ಲಿ ಮದುವೆಯ ಕಾನೂನು ಬೇರೆ ಬೇರೆ ಇತ್ತು. ಒಂದು ಊರಿನಲ್ಲಿ ಅಪರಾಧವಾದದ್ದು ಕೆಲವು ಹರದಾರಿ ಆಚೆ ಗೌಡರ ಠೀವಿಯಾಗಿತ್ತು.

ಬಸ್ಸಿನ ಯಕ್ಕ ದೊಡ್ಡ ಮಗಳನ್ನು ತನ್ನ ತಮ್ಮನಿಗೇ ಕೊಟ್ಟಿದ್ದಳು. ಇದರ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲು ನನಗಾಗದು. ಹುಡುಗಿಗೆ ಅತ್ತೆಯಾಗಿ ಸಿಗುವವಳು ತಾಯಿಯ ತಾಯಿ; ಹೊಡೆತ ಬಿದ್ದರೆ ಕೇಳುವವರು ಹತ್ತಿರ ಇರುತ್ತಾರೆ ಎಂಬ ಲೆಕ್ಕಾಚಾರ ಅನುಭವದಿಂದ ಬಂದದ್ದು. ಹಿಂದೂ ವಿವಾಹ ಕಾಯಿದೆ ಕೂಡ ರೂಢಿ ಇದ್ದಲ್ಲಿ ಇದನ್ನು ಒಪ್ಪುತ್ತದೆ. ಉತ್ತರ ಭಾರತದ ಹಿಂದೂಗಳು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ರಕ್ತಸಂಬಂಧದಲ್ಲೇ ಮದುವೆಯಾದವರು. ಅಂಥ ಮದುವೆಗಳಲ್ಲಿ ಹುಟ್ಟುವ ಮಕ್ಕಳಿಗೆ ಕೆಲವು ವಂಶಪಾರಂಪರ್ಯ ಕಾಯಿಲೆಗಳ ಅಪಾಯ ಹೆಚ್ಚು ಎಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆ. ತೊಟ್ಟಿಲಲ್ಲಿ ಇರುವಾಗಲೇ "ಈಕಿ ನಮ್ಮ ತಮ್ಮನ ಹೆಂಡತಿ" ಎಂದು ಗೊತ್ತುಮಾಡಿದ ಮೇಲೆ, ಆ ಕೂಸು ಬೆಳೆದು ಬೇಡ ಎನ್ನಬೇಕಾದರೆ ಅವಳು ಗಂಡೊಬ್ಬನನ್ನು ನಿರಾಕರಿಸಿದರೆ ಸಾಲದು. ಅವ್ವನನ್ನೂ ಅಜ್ಜಿಯನ್ನೂ ಒಟ್ಟಿಗೆ ನಿರಾಕರಿಸಬೇಕು. ಎಷ್ಟು ಹುಡುಗಿಯರಿಗೆ ಆ ಎದೆ ಇರುತ್ತದೆ?

ಇಲ್ಲಿಗೆ ನನ್ನ ಪ್ರಶ್ನೆ ಬಂದು ನಿಲ್ಲುತ್ತದೆ. ಒಂದು ಮದುವೆಯನ್ನು ಅಳೆಯಬೇಕಾದರೆ ಅದು ಹಳೆಯದೋ ಹೊಸದೋ, ಹಿರಿಯರು ಮಾಡಿದ್ದೋ ಮಕ್ಕಳೇ ಮಾಡಿಕೊಂಡದ್ದೋ ಎಂದು ನಾನು ನೋಡುವುದಿಲ್ಲ. ಆಕೆಯನ್ನು ಕೇಳಿದ್ದರೇ? ಬೇಡ ಎಂದಿದ್ದರೆ ಆಕೆಗೆ ನಿಲ್ಲಲು ನೆಲ ಇತ್ತೇ? ಈ ಎರಡನ್ನು ಒಟ್ಟಿಗೇ ಕೇಳಬೇಕು. ನೆಲವಿಲ್ಲದವಳ ಒಪ್ಪಿಗೆಗೆ ಬೆಲೆ ಇಲ್ಲ, ಕೇಳದೆ ಕೊಟ್ಟ ನೆಲದಲ್ಲಿ ಬದುಕೂ ಇಲ್ಲ.

ಮನುಸ್ಮೃತಿ ಎಂಟು ಬಗೆಯ ಮದುವೆಗಳನ್ನು ಎಣಿಸುತ್ತದೆ. ಅಳುವ ಹುಡುಗಿಯನ್ನು ಹೊಡೆದೆಳೆದು ತರುವ ರಾಕ್ಷಸ, ಮಲಗಿದವಳನ್ನು ಕೆಡಿಸುವ ಪೈಶಾಚ ಕೂಡ ಆ ಪಟ್ಟಿಯಲ್ಲಿ ಮದುವೆಗಳೇ, ನಿಂದ್ಯ ಎಂಬ ಮಾತಿನೊಡನೆ. ಇಬ್ಬರೂ ಮನಸಾರೆ ಕೂಡುವುದು ಗಾಂಧರ್ವ ಒಂದೇ. ಅದಕ್ಕೂ ಮೇಲಿನ ಸಾಲಿನಲ್ಲಿ ಜಾಗವಿಲ್ಲ. ಅಲಂಕರಿಸಿ ದಾನ ಕೊಡುವುದು ಎಲ್ಲಕ್ಕಿಂತ ಶ್ರೇಷ್ಠ. ಇಂದಿಗೂ ಹಸೆಯ ಮೇಲೆ ಕನ್ಯಾದಾನದ ನೀರು ಬಿಡುವಾಗ ತಂದೆ ಮಾತಾಡುತ್ತಾನೆ, ವರ ಮಾತಾಡುತ್ತಾನೆ, ಪುರೋಹಿತ ಮಾತಾಡುತ್ತಾನೆ. ಇದೇ ಊರಿನ ಮುಸಲ್ಮಾನರ ನಿಕಾಹದಲ್ಲಿ ವಕೀಲನೂ ಸಾಕ್ಷಿಗಳೂ ಒಳಗೆ ಹೋಗಿ ಹುಡುಗಿಯನ್ನು ಕೇಳಿ, ಕಬೂಲ್ ಎನ್ನಿಸಿಕೊಂಡೇ ಹೊರಗೆ ಬರಬೇಕು. ಮೆಹರ್ ಎಷ್ಟು ಎಂದು ಗೊತ್ತಾಗಬೇಕು. ಆ ಹುಡುಗಿಯ ಪಿಸುಮಾತಿನಲ್ಲಿ ಎಷ್ಟು ಸ್ವಂತದ್ದು, ಎಷ್ಟು ಅಪ್ಪ ಅಣ್ಣಂದಿರ ಒತ್ತಾಯದ್ದು ಎಂಬುದು ಬೇರೆ ಮಾತು. ಆದರೆ ಕೇಳುವುದಕ್ಕೆ ಒಂದು ಗಳಿಗೆ ಇಟ್ಟಿದ್ದಾರೆ. ಪಕ್ಕದ ಮನೆಯವರಿಂದ ಕಲಿಯಲು ನಮಗೆ ಯಾಕೆ ಸಂಕೋಚವಾಗಬೇಕು? ಕರಾವಳಿಗೆ ಇಳಿದರೆ ಅಳಿಯಸಂತಾನದ ಮನೆಗಳಲ್ಲಿ ಹೆಣ್ಣನ್ನು ಕೊಡುವ ಮಾತೇ ಇರಲಿಲ್ಲ. ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುತ್ತಿತ್ತು, ಮಗಳು ಹುಟ್ಟಿದ ಮನೆಯವಳಾಗಿಯೇ ಉಳಿಯುತ್ತಿದ್ದಳು. ಒಂದೇ ಕನ್ನಡ ನಾಡಿನ ಎರಡು ಅಂಚುಗಳಲ್ಲಿ ಮದುವೆ ಎಂಬ ಒಂದೇ ಪದಕ್ಕೆ ಇಷ್ಟು ಅಂತರ.

ಸಾಹಿತ್ಯದ ಕಡೆ ತಿರುಗಿದರೆ ಮೊದಲು ನೆನಪಾಗುವವನು ನಮ್ಮವನೇ, ಮುಧೋಳ ಸೀಮೆಯ ಬೆಳುಗಲಿಯಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ. ಅವನು 993ರಲ್ಲಿ ಬರೆದ ಅಜಿತಪುರಾಣಕ್ಕೆ ಆಶ್ರಯ ಕೊಟ್ಟವಳು ಅತ್ತಿಮಬ್ಬೆ. ಆಕೆ ಮತ್ತು ಆಕೆಯ ತಂಗಿ ಗುಂಡಮಬ್ಬೆ, ಇಬ್ಬರನ್ನೂ ಚಾಲುಕ್ಯರ ದಂಡನಾಯಕ ನಾಗದೇವನಿಗೇ ಕೊಟ್ಟಿದ್ದರು. ನಾಗದೇವ ಸತ್ತಾಗ ಗುಂಡಮಬ್ಬೆ ಅವನ ಚಿತೆ ಏರಿದಳು. ಅತ್ತಿಮಬ್ಬೆ ಮಗ ಅಣ್ಣಿಗನನ್ನು ಬೆಳೆಸುತ್ತ, ವ್ರತ ಹಿಡಿದು ಬದುಕಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಒಂದೇ ತಾಯಿಯ ಮಕ್ಕಳು, ಒಬ್ಬನೇ ಗಂಡ, ಒಂದೇ ಸಾವು. ಒಬ್ಬಳ ಪಾಲಿಗೆ ಅದು ಬದುಕಿನ ಕೊನೆ. ಇನ್ನೊಬ್ಬಳ ಪಾಲಿಗೆ, ಸಾವಿರ ವರ್ಷ ನೆನಪಿಡುವ ಕೆಲಸದ ಆರಂಭ. ದಾನ ಕೊಡುವಷ್ಟು ಸಂಪತ್ತು, ಗಂಡನಿಲ್ಲದ ಹೆಣ್ಣೂ ಗೌರವದಿಂದ ಬದುಕಬಹುದೆಂದು ಹೇಳುವ ಧರ್ಮ, ಇವೆರಡೂ ಅತ್ತಿಮಬ್ಬೆಯ ಬೆನ್ನಿಗಿದ್ದವು. ಗುಂಡಮಬ್ಬೆಯ ಮನಸ್ಸಿನಲ್ಲಿ ಆ ದಿನ ಏನಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅತ್ತಿಮಬ್ಬೆಯನ್ನು ದಾನಚಿಂತಾಮಣಿ ಎಂದು ಶಾಲೆಯಲ್ಲಿ ಪಾಠ ಮಾಡುತ್ತೇವೆ; ತಂಗಿಯ ಹೆಸರು ಮಕ್ಕಳಿಗೆ ಹೇಳುವುದಿಲ್ಲ. ಹೇಳಬೇಕು.

ಆಲಮಟ್ಟಿಯಿಂದ ಕೃಷ್ಣೆಯ ಜೊತೆ ಕೆಳಗಿಳಿದರೆ ಕೂಡಲಸಂಗಮ. ಬಸವಣ್ಣ ಅಲ್ಲಿಂದ ಕಲ್ಯಾಣಕ್ಕೆ ಹೋದ ಮೇಲೆ, ಅಲ್ಲಿ ನಡೆದ ಶರಣರ ಕ್ರಾಂತಿ ರಕ್ತದಲ್ಲಿ ಮುಗಿಯಲು ಕಾರಣವಾದದ್ದೂ ಒಂದು ಮದುವೆ. ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳು, ಸಮಗಾರ ಹರಳಯ್ಯನ ಮಗ. ಇಬ್ಬರು ತಂದೆಯರಿಗೂ ಎಳೆಸಿ ಕೊಲ್ಲುವ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣರ ಕಥೆಗಳು ಹೇಳುತ್ತವೆ. ಜಾತಿಯ ಗೋಡೆ ಒಡೆದ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಗಮನಿಸಿ: ಎಂಟುನೂರು ವರ್ಷಗಳಿಂದ ಆ ಮದುವೆಯನ್ನು ನಾವು ತಂದೆಯರ ಹೆಸರಿನಲ್ಲಿಯೇ ನೆನೆಯುತ್ತೇವೆ. ಹುಡುಗಿಯ ಹೆಸರನ್ನು ಒಂದು ಕಡೆ ಲಾವಣ್ಯವತಿ ಎನ್ನುತ್ತಾರೆ, ಮತ್ತೊಂದು ಕಡೆ ಕಲಾವತಿ ಎನ್ನುತ್ತಾರೆ. ಅಷ್ಟು ದೊಡ್ಡ ಸಮಾನತೆಯ ಪ್ರಯೋಗದ ನಡುವೆ ನಿಂತ ಆ ಹುಡುಗಿಗೆ ಒಂದು ಖಚಿತವಾದ ಹೆಸರೂ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ನಾಟಕಕಾರರು, ಲಂಕೇಶ್, ಶಿವಪ್ರಕಾಶ್, ಕಾರ್ನಾಡ್, ಮತ್ತೆ ಮತ್ತೆ ಆ ಕಲ್ಯಾಣಕ್ಕೇ ಹೋದರು; ಅಲ್ಲಿ ತೀರದೆ ಉಳಿದದ್ದು ಇಂದಿಗೂ ತೀರಿಲ್ಲ. ಇನ್ನು ಅಕ್ಕಮಹಾದೇವಿ ಅರಸನನ್ನೇ ಬಿಟ್ಟು ನಡೆದವಳು. ಆಕೆಯನ್ನು ಪೂಜಿಸುವ ನಮ್ಮ ಮನೆಗಳಲ್ಲಿಯೇ, ಗಂಡನನ್ನು ಬಿಟ್ಟು ಬಂದ ಮಗಳಿಗೆ ಒಂದು ಕೋಣೆ ಸಿಗುವುದು ಕಷ್ಟ.

ಘಟಪ್ರಭೆಯ ದಂಡೆಯಲ್ಲಿ ಮದುವೆಯ ಮಾತಾಡುವವನು ಮುತ್ತು ಕಟ್ಟುವುದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇನ್ನೂ ಅರಿಯದ ಹುಡುಗಿಯ ಕೊರಳಿಗೆ ಕೆಂಪು ಬಿಳಿ ಮಣಿಗಳ ಸರ ಕಟ್ಟಿ ಎಲ್ಲಮ್ಮನಿಗೆ ದೇವದಾಸಿಯಾಗಿ ಬಿಡುವುದು. ಹೆಸರಿಗೆ ಅದೂ ಮದುವೆಯೇ, ನಿತ್ಯ ಮುತ್ತೈದೆತನ. ನಡೆಯುವುದು ಮಾತ್ರ ಬಹುಪಾಲು ದಲಿತ ಕೇರಿಗಳಲ್ಲಿ. ಕೈಚಾಚುವವರು ಊರಿನ ಉಳ್ಳವರು. ಬೊಂಬಾಯಿ ಸರಕಾರ 1934ರಲ್ಲಿ, ಕರ್ನಾಟಕ 1982ರಲ್ಲಿ ಇದರ ವಿರುದ್ಧ ಕಾನೂನು ಮಾಡಿದವು. ದೇವದಾಸಿ ಮದುವೆಯಾದರೆ ಆ ಮದುವೆ ಸಿಂಧು ಎಂದು ಕಾನೂನಿನಲ್ಲಿ ಬರೆಯಬೇಕಾಗಿ ಬಂತು ಎಂದರೆ ಅವಳಿಂದ ಎಷ್ಟನ್ನು ಕಿತ್ತುಕೊಂಡಿದ್ದರೆಂದು ಊಹಿಸಬಹುದು. 1993–94ರಲ್ಲಿ ಮತ್ತು 2007–08ರಲ್ಲಿ ಸರಕಾರ ಮಾಡಿಸಿದ ಎರಡು ಸಮೀಕ್ಷೆಗಳಲ್ಲಿ ಗುರುತಿಸಿದವರು ಒಟ್ಟು 46,660 ಮಂದಿ. ಬಾಗಲಕೋಟೆ, ಬೆಳಗಾವಿ, ವಿಜಾಪುರಗಳ ಹೆಸರು ಆ ಪಟ್ಟಿಯಲ್ಲಿ ಎದ್ದು ಕಾಣುತ್ತದೆ.

ಇದರೊಳಗೆ ಒಂದು ಎಳೆ ನನಗೆ ತಡವಾಗಿ ಅರ್ಥವಾಯಿತು. ಗಂಡುಮಕ್ಕಳಿಲ್ಲದ ಎಷ್ಟೋ ಮನೆಗಳಲ್ಲಿ ಮಗಳಿಗೆ ಮುತ್ತು ಕಟ್ಟಿಸುತ್ತಿದ್ದದ್ದು ಅವಳನ್ನು ಮನೆಯಲ್ಲಿ ಉಳಿಸಿಕೊಳ್ಳಲು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ನಾಡಿನಲ್ಲಿ, ಕೊಡದೆ ಉಳಿದವಳು ಮಗನ ಸ್ಥಾನದಲ್ಲಿ ನಿಂತು ಹೊಲಕ್ಕೆ ವಾರಸುದಾರಳಾಗುತ್ತಿದ್ದಳು, ಮುದಿ ತಂದೆತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಮಗಳಿಗೆ ತವರಿನ ನೆಲ ಸಿಗಬೇಕಾದರೆ ದೇಹವನ್ನು ಊರಿಗೆ ಒಪ್ಪಿಸಬೇಕಿತ್ತು. ಗೌರವದ ಮದುವೆ ಬೇಕಾದರೆ ನೆಲ ಬಿಡಬೇಕಿತ್ತು. ಎರಡನ್ನೂ ಒಬ್ಬಳಿಗೇ ಕೊಡುವ ದಾರಿ ನಮ್ಮ ಹಿರಿಯರಿಗೆ ಹೊಳೆಯಲಿಲ್ಲ.

ಹೊಳೆದದ್ದು ಆ ಹೆಂಗಸರಿಗೆ. ಇದೇ ಹೊಳೆಯ ಮೇಲ್ಭಾಗದಲ್ಲಿ, ಗೋಕಾಕ ಸೀಮೆಯ ಘಟಪ್ರಭಾ ಊರಿನಲ್ಲಿ, ಮಾಜಿ ದೇವದಾಸಿಯರೇ ಸೇರಿ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡರು. ಏಳನೆಯ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿದರು. 2018ರಲ್ಲಿ ಪದ್ಮಶ್ರೀ ಬಂತು. ಮುತ್ತು ಕಟ್ಟುವ ಮನೆಗೆ ಹೋಗಿ ತಡೆದವರು, ಉಳಿತಾಯದ ಗುಂಪು ಕಟ್ಟಿದವರು, ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟ ಮಕ್ಕಳಿಗಾಗಿ ಕಚೇರಿ ಅಲೆದವರು ಅವರೇ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆಯಲ್ಲಿ ತಂದೆಯನ್ನು ಗುರುತಿಸಿ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಆ ಮಕ್ಕಳಿಗೆ ಬಂದಿದೆ. ಇದು ಯಾವ ಗುರುವಿನ ಕೃಪೆಯೂ ಅಲ್ಲ. ನೋವು ಉಂಡವರು ಮಾತಾಡಿದ್ದರಿಂದ ಆದದ್ದು.

ಹಾಗೆ ಮಾತಾಡಿದವರು ಬೆಲೆಯನ್ನೂ ತೆರಬೇಕಾಗಿ ಬಂದಿದೆ. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿದ್ದ ರಖಮಾಬಾಯಿ, ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲಾರೆ, ಆ ಮದುವೆಗೆ ನಾನು ಒಪ್ಪಿರಲಿಲ್ಲ ಎಂದು ಬೊಂಬಾಯಿಯ ಕೋರ್ಟಿನಲ್ಲಿ ನಿಂತಾಗ, 1887ರಲ್ಲಿ ನ್ಯಾಯಾಲಯ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದಿತು. ಆಕೆ ಜೈಲಾದರೂ ಸರಿ ಎಂದಳು. ಮುಂದೆ ಡಾಕ್ಟರಾದಳು. ಒಪ್ಪಿರಲಿಲ್ಲ ಎಂಬ ಆ ಒಂದು ಮಾತಿಗೆ ಇಡೀ ಪ್ರಾಂತ ಕುದಿದಿತ್ತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುವ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ 1899ರಲ್ಲಿ ವಿಧವೆಯ ಮರುಮದುವೆಯನ್ನೇ ಎತ್ತಿಕೊಂಡಿತು. ಗಂಡನ ಮುಖವನ್ನು ಸರಿಯಾಗಿ ನೋಡದೆಯೇ ವಿಧವೆಯಾದ ಹುಡುಗಿಯ ದೀರ್ಘ ಬದುಕನ್ನು ಎಂ. ಕೆ. ಇಂದಿರಾ ಫಣಿಯಮ್ಮದಲ್ಲಿ ಬರೆದರು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ಪುರೋಹಿತರನ್ನೂ ದಾನವನ್ನೂ ಬಿಟ್ಟು ಮಂತ್ರಮಾಂಗಲ್ಯ ರಚಿಸಿದರು. ಅಲ್ಲಿ ವಧು–ವರರಿಬ್ಬರೂ ಒಬ್ಬರಿಗೊಬ್ಬರು ಸಮಾನರು ಎಂದು ಪ್ರಮಾಣ ಮಾಡುತ್ತಾರೆ, ಯಾರೂ ಯಾರನ್ನೂ ಕೊಡುವುದಿಲ್ಲ. ಅಷ್ಟು ಸರಳವಾದ ಆ ಪದ್ಧತಿ ಆರು ದಶಕಗಳಲ್ಲಿ ಇನ್ನೂ ಹೆಚ್ಚು ಮನೆಗಳನ್ನು ಮುಟ್ಟಬೇಕಿತ್ತು. ನಮ್ಮ ಕಡೆಯ ಜಾತ್ರೆಗಳ ಸಾಮೂಹಿಕ ವಿವಾಹಗಳು ಬಡವರ ಸಾಲದ ಹೊರೆ ಇಳಿಸಿವೆ. ಅದೇ ಚಪ್ಪರದಲ್ಲಿ ಒಪ್ಪಿಗೆಯ ಪ್ರಮಾಣವನ್ನೂ ಸೇರಿಸಿದರೆ ಖರ್ಚೇನೂ ಹೆಚ್ಚುವುದಿಲ್ಲ.

ಬಾಲ್ಯವಿವಾಹದ ಬಗ್ಗೆ ಕರ್ನಾಟಕದ ಕಾನೂನು ಕಠಿಣವಾದದ್ದು: 2016ರಲ್ಲಿ ಅಂಗೀಕಾರವಾದ ತಿದ್ದುಪಡಿಯಂತೆ ಇಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಆದರೂ 2019–21ರ ಅದೇ ಸಮೀಕ್ಷೆಯಲ್ಲಿ, 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬಳಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹದಿನಾರರ ಹುಡುಗಿ "ಹೂಂ" ಎಂದರೂ ಅದು ಒಪ್ಪಿಗೆಯಲ್ಲ. ಬೇರೆ ಯಾವ ಬದುಕನ್ನೂ ಅವಳಿನ್ನೂ ಕಂಡಿರುವುದಿಲ್ಲ.

ವಯಸ್ಸಿಗೆ ಬಂದವಳು ತಾನೇ ಆರಿಸಿಕೊಂಡರೆ? 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಒಂದು ಪ್ರಕರಣ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯಲ್ಲಿ. ಮಗಳು ಕಾಣೆಯಾಗಿದ್ದಾಳೆ ಎಂದು ತಂದೆ ದೂರು ಕೊಟ್ಟಿದ್ದರು. ಮಗಳು ಓದಿ ಕೆಲಸದಲ್ಲಿದ್ದವಳು, ಮನಸ್ಸು ಮೆಚ್ಚಿದವನನ್ನು ಮದುವೆಯಾಗಿದ್ದಳು. ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿದ ಮೇಲೆ ಮನೆತನದ, ಜಾತಿಯ, ಊರಿನ ಒಪ್ಪಿಗೆ ಬೇಕಿಲ್ಲ ಎಂದಿತು ನ್ಯಾಯಾಲಯ. ಜಾತಿ ವಿನಾಶದ ನಿಜವಾದ ಮದ್ದು ಅಂತರ್ಜಾತಿ ವಿವಾಹವೇ ಎಂಬ ಅಂಬೇಡ್ಕರರ ವಿಚಾರವನ್ನು ನೆನೆಯಿತು. ಮರುವರ್ಷ ಡಿಸೆಂಬರಿನಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ, ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದ ಯುವಕನ ಕೊಲೆಯಾಯಿತು. ಸಿಕ್ಕಿಬಿದ್ದವನು ಹುಡುಗಿಯ ತಂದೆ. ಕೊಟ್ಟಿದ್ದರೆ ಮರ್ಯಾದೆ, ಅವಳೇ ಹೋದರೆ ಕಳವು. ಮಗಳು ತನ್ನವಳಲ್ಲ, ತಮ್ಮ ಸ್ವತ್ತು ಎಂಬ ಭಾವನೆ ಇಷ್ಟು ಆಳಕ್ಕೆ ಇಳಿದಿರದಿದ್ದರೆ ಒಬ್ಬ ತಂದೆಯ ಕೈ ಹಾಗೆ ಏಳಲು ಸಾಧ್ಯವೇ?

ಬಸ್ಸಿನ ಯಕ್ಕ ಮಗನಿಗೆ ಹೆಣ್ಣು ಸಿಗವಲ್ದು ಎಂದು ನಿಟ್ಟುಸಿರು ಬಿಟ್ಟಿದ್ದಳು. ಇದು ಅವಳೊಬ್ಬಳ ಕಥೆಯಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ರೈತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಮ್ಮ ಕಡೆಯೂ ಹೊಲದಲ್ಲಿ ದುಡಿಯುವ ಒಳ್ಳೆಯ ಹುಡುಗರು ಮೂವತ್ತೈದು ದಾಟಿ ಕೂತಿದ್ದಾರೆ. ಅವರ ಒಂಟಿತನ ಕಂಡು ನನಗೆ ಸಂಕಟವಾಗುತ್ತದೆ. ಹುಡುಗಿಯರಿಗೆ ಸೊಕ್ಕು ಬಂದಿದೆ ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅವ್ವ ನಸುಕಿಗೆ ಎದ್ದು ಸಗಣಿ ಬಳಿದು, ಹೊಲದಲ್ಲಿ ಕಳೆ ತೆಗೆದು, ರಾತ್ರಿ ರೊಟ್ಟಿ ಬಡಿದದ್ದನ್ನು ಆ ಹುಡುಗಿಯರು ನೋಡಿದ್ದಾರೆ. ಆ ಹೊಲದ ಪಹಣಿ ಉತಾರದಲ್ಲಿ ಅವ್ವನ ಹೆಸರಿಲ್ಲದ್ದನ್ನೂ ನೋಡಿದ್ದಾರೆ. ಕೇಳಿದಾಗ ಬೇಡ ಎಂದರು. ಕೇಳಲು ಶುರುಮಾಡಿದ ಮೇಲೆ ಇಂಥ ಉತ್ತರವೂ ಬರುತ್ತದೆ.

ಉತಾರದ ಮಾತೇ ಈಗ ನಮ್ಮ ಊರುಗಳ ಮುಂದೆ ನಿಂತಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸುಮಾರು 75 ಸಾವಿರ ಎಕರೆ ಮುಳುಗಬೇಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ನೆಲ ಹಣವಾಗುವ ಹೊತ್ತು ಇದು. ಈ ಹೊತ್ತಿನಲ್ಲಿಯೇ ಕೊಟ್ಟ ಹೆಣ್ಣುಮಕ್ಕಳ ನೆನಪು ತವರಿಗೆ ಬರುತ್ತದೆ, ಸಹಿ ಬೇಕಾಗುವುದರಿಂದ.

ಕಾನೂನಿನ ದಾರಿ ಹೀಗಿದೆ. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವಳಿಗೆ ಇಲ್ಲ ಎಂದು ಬರೆದಿದ್ದರು. ಒಂದೇ ಮನೆಯಲ್ಲಿ ಏಪ್ರಿಲಿನಲ್ಲಿ ಕೊಟ್ಟ ಅಕ್ಕನಿಗೆ ಏನೂ ಇಲ್ಲ, ಇನ್ನೂ ಕೊಡದ ತಂಗಿಗೆ ಪಾಲು. ಲಗ್ನದ ದಿನಾಂಕವೇ ಕತ್ತರಿಯಾಯಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಹುಟ್ಟಿನಿಂದಲೇ ಮಗಳಿಗೆ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕೆಂದೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ವಾಟ್ನಿಯಾಗಿ ಪಾಲಾದ ಆಸ್ತಿಯನ್ನು ಮಾತ್ರ ಮತ್ತೆ ಎತ್ತುವಂತಿಲ್ಲ.

ಕಾನೂನು ಇಷ್ಟು ಹೇಳಿದ ಮೇಲೆ ಮನೆಯಲ್ಲಿ ಬೇರೆ ಮಾತು ಶುರುವಾಗುತ್ತದೆ. "ತವರಮನಿ ಬೇಕೋ, ಪಾಲು ಬೇಕೋ?" ಪಂಚಮಿಗೆ ಕರೆಯುವ, ಬಾಣಂತನ ಮಾಡುವ, ಗಂಡ ಹೊಡೆದು ಹೊರಗೆ ಹಾಕಿದ ರಾತ್ರಿ ಬಾಗಿಲು ತೆರೆಯುವ ಮನೆ ಅದೊಂದೇ ಎಂದು ಆಕೆಗೆ ಗೊತ್ತು. ಆಕೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಒಂದು ಇಳಕಲ್ ಸೀರೆ ಉಟ್ಟುಕೊಂಡು ಬಸ್ಸು ಹತ್ತುತ್ತಾಳೆ. ಸ್ವಇಚ್ಛೆಯಿಂದ ಎಂದು ಪತ್ರದಲ್ಲಿ ಬರೆದಿರುತ್ತದೆ. ಅಣ್ಣಂದಿರ ವಾದವನ್ನೂ ಕೇಳಿದ್ದೇನೆ: "ಆಕಿ ಪಾಲು ಲಗ್ನದಾಗ ಹೋಗೇತಿ, ಸಾಲ ಇನ್ನೂ ನಾವ ತೀರಿಸಾಕತ್ತೇವಿ." ಸಾಲ ನಿಜ, ತೀರಿಸುವವನ ಕಷ್ಟವೂ ನಿಜ. ಆದರೆ ಆ ಹಣ ಹೋದದ್ದು ಬೀಗರ ಕೈಗೆ, ಬ್ಯಾಂಡಿಗೆ, ಊಟದ ಪಂಕ್ತಿಗೆ. ಆಕೆಯ ಹೆಸರಿನಲ್ಲಿ ಒಂದು ಗುಂಟೆ ನೆಲವೂ ಅದರಿಂದ ಆಗಲಿಲ್ಲ. ತನಗೆ ಸಿಗದ ಹಣವನ್ನು ಆಕೆಯ ಪಾಲಿನಿಂದ ಮುರಿದುಕೊಳ್ಳುವುದು ಯಾವ ಲೆಕ್ಕ?

ಮೊದಲ ಏಟು ಬೀಳುವುದು ವಂಶಾವಳಿಯಲ್ಲಿ. ತಲಾಟಿ ಬರೆದುಕೊಳ್ಳಲು ಕೂತಾಗ ಜಗಲಿಯ ಮೇಲಿರುವವರು ಗಂಡಸರು. ತಂದೆಯ ಹೆಸರು, ಕೆಳಗೆ ಗೆರೆ ಎಳೆದು ಗಂಡುಮಕ್ಕಳ ಹೆಸರು. ಹೆಣ್ಣುಮಕ್ಕಳು ಎಷ್ಟು ಎಂದು ಕೇಳಿದರೆ "ಅವರನ್ನೆಲ್ಲ ಕೊಟ್ಟೇವ್ರಿ" ಎಂಬ ಉತ್ತರ. ಗೆರೆ ಅಲ್ಲಿಗೇ ನಿಲ್ಲುತ್ತದೆ. ಬಸ್ಸಿನ ಪ್ರಶ್ನೆಗೆ ಬಂದದ್ದೂ ಇದೇ ಉತ್ತರ. ಕಚೇರಿಯ ಕಾಗದದ ಮೇಲೆ ಅದರಿಂದ ಒಬ್ಬಳ ಹೆಸರೇ ಅಳಿಯುತ್ತದೆ. ಅಣ್ಣನಾದವನು ಅಲ್ಲಿ ಹೇಳಬೇಕಾದದ್ದು ನಾಲ್ಕೇ ಪದ: "ಅಕ್ಕತಂಗೇರ ಹೆಸರೂ ಬರಕೊಳ್ರಿ, ಹೇಳತೀನಿ." ಅಂಥ ಅಣ್ಣಂದಿರು ಇದ್ದಾರೆ. ಪಾಲು ಕೊಟ್ಟ ಮೇಲೂ ಅವರ ಮನೆಗೆ ಪಂಚಮಿಗೆ ಅಕ್ಕತಂಗಿಯರು ಬರುತ್ತಾರೆ, ಜೋಕಾಲಿ ಆಡುತ್ತಾರೆ.

ಆ ಯಕ್ಕ ಬೀಳಗಿ ಕ್ರಾಸಿನಲ್ಲಿ ಇಳಿದಳು. ಇಳಿಯುವ ಮುಂಚೆ ಪಕ್ಕದವಳು ಸಣ್ಣ ಮಗಳ ಮಾತು ಮತ್ತೆ ತೆಗೆದಿದ್ದಳು, ತನ್ನ ಅಣ್ಣನ ಮಗ ಒಬ್ಬ ಇದ್ದಾನೆ, ಬನಹಟ್ಟಿಯಲ್ಲಿ ಮಗ್ಗ ಇಟ್ಟುಕೊಂಡಿದ್ದಾನೆ ಎಂದು. ಯಕ್ಕ ಚೀಲ ಎತ್ತಿಕೊಳ್ಳುತ್ತ ಹೇಳಿದಳು: "ಫೋಟೋ ಕಳಸ್ರಿ. ಆಕಿನ್ನ ಕೇಳತೀನಿ."